ತೂಗುವವರ ತೂಕಡಿಕೆ

ಮೊನ್ನೆ ತರಗತಿಯಲ್ಲಿ ಬೆಳಕಿನ ವಕ್ರೀಭವನದ ಚಿತ್ರ ಬರೆಯುತ್ತ, ಬೋರ್ಡಿಗೆ ಹಣೆ ಆನಿಸಿ, ನಿಂತಲ್ಲೇ ನಿದ್ದೆ ಹೋದೆ. ಮಕ್ಕಳು ಸದ್ದು ಮಾಡಲಿಲ್ಲ. ಮೇಷ್ಟ್ರು ಏನೋ ಗಾಢವಾಗಿ ಯೋಚಿಸುತ್ತಿದ್ದಾರೆಂದು ತಿಳಿದರಂತೆ. ನಾಲ್ಕು ತಿಂಗಳ ಕೂಸಿನ ಅಪ್ಪ ಯೋಚನೆ ಮಾಡುವುದಿಲ್ಲ ಸ್ವಾಮಿ, ಬರೀ ತೂಕಡಿಸುತ್ತಾನೆ.

ನಲವತ್ತು ಹತ್ತಿರವಾದಾಗ ಹುಟ್ಟಿದ ಮಗಳು. ಇವಳನ್ನು ಎಲ್ಲಿ ಮಲಗಿಸಬೇಕೆಂಬುದೇ ನಮ್ಮ ಮನೆಯ ದೊಡ್ಡ ವ್ಯಾಜ್ಯ. ಅವ್ವನ ತೀರ್ಪು ಒಂದೇ: ತಾಯಿಯ ಮಗ್ಗುಲಲ್ಲಿ. "ನಿಮ್ಮ ಮೂರು ಜನಾನೂ ಮಗ್ಗುಲಲ್ಲೇ ಹಾಕ್ಕೊಂಡು ಸಾಕ್ಲಿಲ್ವಾ? ಯಾವನಿಗೆ ಏನಾಯ್ತು? ತಾಯಾದೋಳು ನಿದ್ದೇಲೂ ಕಣ್ಣು ಬಿಟ್ಕೊಂಡೇ ಇರ್ತಾಳೆ, ತೆಂಗಿನ್ಕಾಯಿ ಇದ್ದಂಗೆ." ನಮ್ಮ ತಿಪಟೂರು ಸೀಮೆಯಲ್ಲಿ ಹಾಗೊಂದು ನಂಬಿಕೆಯಿದೆ. ಕಾಯಿಗೆ ಮೂರು ಕಣ್ಣು, ನೋಡಿಕೊಂಡೇ ಬೀಳುತ್ತದೆ, ಯಾರ ತಲೆಯ ಮೇಲೂ ಬೀಳುವುದಿಲ್ಲ. ನಾನೂ ಇದನ್ನು ನಂಬುತ್ತೇನೆ, ಆದರೆ ಮರದಡಿ ಬೈಕು ನಿಲ್ಲಿಸುವುದಿಲ್ಲ.

ಚುಚ್ಚುಮದ್ದಿಗೆ ಹೋದಾಗ ನರ್ಸಮ್ಮ ಬೇರೆಯೇ ಹೇಳಿದರು. ಮಗು ನಿಮ್ಮ ಕೋಣೆಯಲ್ಲೇ ಇರಲಿ, ಹಾಸಿಗೆ ಮಾತ್ರ ಬೇರೆ ಇರಲಿ. ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿಸಿ. ದಿಂಬು ಬೇಡ, ದಪ್ಪ ಹೊದಿಕೆ ಬೇಡ. ಆಮೇಲೆ ನನ್ನ ಕಣ್ಣ ಕೆಳಗಿನ ಕಪ್ಪು ನೋಡಿ, "ಮುಖ್ಯವಾಗಿ, ಮಗೂನ ಎದೆ ಮೇಲೆ ಹಾಕ್ಕೊಂಡು ಸೋಫಾದಲ್ಲಿ ನಿದ್ದೆ ಹೋಗ್ಬೇಡಿ ಸಾರ್. ಹಾಸಿಗೇಗಿಂತ ಅದೇ ಜಾಸ್ತಿ ಅಪಾಯ ಕಣ್ರೀ" ಎಂದರು. ವಿಜ್ಞಾನದ ಮೇಷ್ಟ್ರಲ್ಲವೇ, ಎಲ್ಲಕ್ಕೂ ತಲೆಯಾಡಿಸಿದೆ. ಕೊನೆಯ ಮಾತನ್ನು ಮಾತ್ರ ಬೇರೆ ಯಾರೋ ಮಂಕು ಅಪ್ಪನಿಗೆ ಹೇಳಿದ್ದೆಂದುಕೊಂಡೆ.

ಅಂದಿನಿಂದ ಮನೆಯಲ್ಲಿ ನನ್ನದೇ ದರ್ಬಾರು. ಬಡಗಿಗೆ ಹೇಳಿ ನಮ್ಮ ಮಂಚದ ಪಕ್ಕಕ್ಕೆ ಪುಟ್ಟ ಮಂಚ ಮಾಡಿಸಿದೆ. ತಲೆ ದುಂಡಗಾಗಲೆಂದು ಅವ್ವ ಹೊಲಿದಿದ್ದ ಸಾಸಿವೆ ದಿಂಬು ಅಟ್ಟ ಸೇರಿತು. ಹಾಲು ಕುಡಿಸುತ್ತ ಹೆಂಡತಿ ಸುಧಾ ಮಗುವಿನ ಪಕ್ಕದಲ್ಲೇ ಕಣ್ಣು ಮುಚ್ಚಿದರೆ ಎಬ್ಬಿಸಿ ಉಪದೇಶ ಮಾಡುತ್ತಿದ್ದೆ. ಅವಳೊಮ್ಮೆ ಕೈ ಮುಗಿದಳು. "ರೀ, ಪಾಠ ಆಮೇಲೆ ಮಾಡಿ. ಮೊದ್ಲು ಮಗೂನ ಎತ್ತಿ ಅಲ್ಲಿ ಮಲಗಿಸ್ರೀ."

ನಮ್ಮ ಜೋಗುಳಗಳನ್ನು ಗಮನಿಸಿದ್ದೀರಾ? ಎಲ್ಲವೂ ತೊಟ್ಟಿಲ ಸುತ್ತಲೇ ಸುತ್ತುತ್ತವೆ. ತೊಟ್ಟಿಲಿಗೆ ಬಂಗಾರ, ಹಗ್ಗಕ್ಕೆ ಮುತ್ತು. ತೂಗುವವಳ ಕಣ್ಣು ಉರಿಯುತ್ತಿದೆಯೇ, ಕೈ ಸೋತಿದೆಯೇ ಎಂದು ನಾನು ಕೇಳಿದ ಯಾವ ಜೋಗುಳವೂ ವಿಚಾರಿಸಿಲ್ಲ.

ಹೋದ ಭಾನುವಾರ ಮಧ್ಯಾಹ್ನ ಮುದ್ದೆ, ಅವರೆಕಾಳು ಸಾರು ಉಂಡೆವು. "ನೀನು ಹೋಗಿ ಮಲಕ್ಕೋ, ನಾನಿದ್ದೀನಲ್ಲ" ಎಂದು ಸುಧಾಳನ್ನು ಕೋಣೆಗೆ ಕಳಿಸಿ, ಮಗಳನ್ನು ಎದೆಗೆ ಹಾಕಿಕೊಂಡು ಸೋಫಾದಲ್ಲಿ ಕೂತೆ. ಮುದ್ದೆಯ ಭಾರ ಒಳಗೆ, ಮಗುವಿನ ಬಿಸುಪು ಹೊರಗೆ. ಎರಡೇ ನಿಮಿಷ ಎಂದು ಕಣ್ಣು ಮುಚ್ಚಿದೆ.

ಧಪ್ ಎಂದು ಏನೋ ನೆಲಕ್ಕೆ ಬಿದ್ದ ಸದ್ದಿಗೆ ಎಚ್ಚರವಾಯಿತು. ಎದೆಯ ಮೇಲೆ ಮಗು ಇರಲಿಲ್ಲ. ಆ ಗಳಿಗೆಯ ಬಗ್ಗೆ ತಮಾಷೆ ಮಾಡಲು ನನಗೆ ಈಗಲೂ ಬಾಯಿ ಬರುವುದಿಲ್ಲ. ಕೆಳಗೆ ನೋಡಲು ಹೆದರಿಕೆ, ನೋಡದಿರಲು ಇನ್ನೂ ಹೆದರಿಕೆ.

ನೋಡಿದೆ. ಮಗಳ ಹೊದಿಕೆಯಲ್ಲಿ ಅರ್ಧ ಸುತ್ತಿಕೊಂಡು ಒಂದು ಸುಲಿದ ತೆಂಗಿನಕಾಯಿ ಬಿದ್ದಿತ್ತು. ಬಿರುಕಿನಿಂದ ನೀರು ಒಸರಿ ನೆಲದ ಮೇಲೆ ಹರಿಯುತ್ತಿತ್ತು. ಎದುರಿಗೆ ಗೋಡೆಗೊರಗಿ ಅವ್ವ ಕೂತಿದ್ದಳು. ಅವಳ ಮಡಿಲಲ್ಲಿ ಮಗಳು ಬೆರಳು ಚೀಪುತ್ತಿದ್ದಳು.

"ಮಗೂನ ಎತ್ಕೊಂಡು ಅರ್ಧ ಗಂಟೆ ಆಯ್ತು ಕಣ್ಲಾ. ಆ ಜಾಗಕ್ಕೆ ಕಾಯಿ ಇಟ್ಟಿದ್ದೆ, ಎಷ್ಟೊತ್ತು ಹಿಡ್ಕೊಂಡಿರ್ತೀಯ ನೋಡಾಣ ಅಂತ."

ಸಿಟ್ಟು ಬಂತು. "ಹಿಂಗಾ ಅವ್ವಾ ಹೆದರ್ಸೋದು? ಯಾರು ಹೇಳ್ಕೊಟ್ರು ನಿಂಗೆ ಈ ಬುದ್ಧಿ?"

"ನಿಮ್ಮಜ್ಜಿ" ಎಂದಳು. ಆಮೇಲೆ ಮೆಲ್ಲಗೆ ಮುಂದುವರಿಸಿದಳು. "ನೀನು ಮೂರು ತಿಂಗ್ಳ ಕೂಸು. ನಾನು ಹಾಲು ಕುಡಿಸ್ತಾ ಕೂತಲ್ಲೇ ನಿದ್ದೆ ಹೋಗ್ಬುಟ್ಟಿದ್ದೆ. ನಿನ್ನ ಎತ್ಕೊಂಡು ನನ್ನ ಮಡ್ಲಿಗೆ ಕಾಯಿ ಇಟ್ಟಿದ್ರು."

"ಬಿತ್ತಾ?"

ಅವ್ವ ಮೊಮ್ಮಗಳ ತಲೆ ಸವರಿದಳು. "ಬೀಳ್ದೆ ಏನು? ಎರಡು ಹೋಳಾಯ್ತು."

ನಿದ್ದೆಯಲ್ಲೂ ಕಣ್ಣು ಬಿಟ್ಟಿರುವ ತಾಯಿಯ ಕಥೆ ಅಲ್ಲಿಗೆ ಮುಗಿಯಿತು. ಆವತ್ತು ಮನೆಯಲ್ಲಿ ಇನ್ನೊಬ್ಬರು ಎಚ್ಚರವಿದ್ದರು, ಅದಕ್ಕೇ ನಾನಿದ್ದೇನೆ. ಇಷ್ಟು ವರ್ಷ ಆ ಕಾಯಿಯ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಜಂಭ ಕೊಚ್ಚಿದವಳ ಮೇಲೆ ನನಗೆ ಸಿಟ್ಟು ಉಳಿಯಲಿಲ್ಲ, ಪಾಪ ಅನ್ನಿಸಿತು. ಬಿರುಕು ಬಿಟ್ಟ ಕಾಯಿ ಸಂಜೆ ಚಟ್ನಿಯಾಯಿತು. ನಾನು ಅದನ್ನು ಮುಟ್ಟಲಿಲ್ಲ.

ಈಗ ನಾಚಿಕೆ ಬಿಟ್ಟಿದ್ದೇನೆ. ರೆಪ್ಪೆ ಭಾರವಾದರೆ ಸಾಕು, "ನಂಗೆ ನಿದ್ದೆ ಬತ್ತೈತೆ, ಮಗೂನ ಯಾರಾದ್ರೂ ತಗಳ್ರಪ್ಪಾ" ಎಂದು ಕೂಗುತ್ತೇನೆ. ಯಾರೂ ಬರದಿದ್ದರೆ ನಾನೇ ಎದ್ದು ಪುಟ್ಟ ಮಂಚದಲ್ಲಿ ಅಂಗಾತ ಮಲಗಿಸುತ್ತೇನೆ. ನಮ್ಮ ಜೋಗುಳಗಳಲ್ಲಿ ಬಿಟ್ಟುಹೋದ ಸಾಲು ಆ ಕೂಗೇ ಇರಬೇಕು. ರಾಗಕ್ಕೆ ಕೂರುವುದಿಲ್ಲ ನಿಜ, ಆದರೆ ಬೆಳಿಗ್ಗೆ ಮಗು ನಗುತ್ತ ಏಳುತ್ತದೆ.