ಬಚ್ಚಲೊಲೆಗೆ ಬಿದ್ದ ಬೋಲ್ಟುಗಳು

ಶೆಟ್ಟಿಕೆರೆ ಹತ್ತಿರದ ಹಟ್ಟಿಯಲ್ಲಿ ಓಬಳೇಶನ ಮನೆಗೆ ಹೋದವರು ಕೂರುವ ಮೊದಲು ಕೆಳಗೆ ನೋಡಿಕೊಂಡು ಕೂರಬೇಕು. ಸ್ಕ್ರೂ, ಸ್ಪ್ರಿಂಗು, ವಾಷರು, ಏನಾದರೊಂದು ಚುಚ್ಚುತ್ತದೆ. ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚುವುದು ಅವನ ಹುಟ್ಟುಗುಣ. ಮದುವೆಯ ಹೊಸದರಲ್ಲಿ ಮಾವನ ಮನೆಯವರು ಕೊಟ್ಟ ಗೋಡೆ ಗಡಿಯಾರ ಬಿಚ್ಚಿದ. ಆಮೇಲೆ ಗ್ರೈಂಡರು, ತೋಟದ ಮೋಟಾರು. ಜೋಡಿಸುವುದೂ ಬರುತ್ತಿತ್ತು ಅನ್ನಿ. ಆದರೆ ಜೋಡಿಸಿದ ಮೇಲೂ ಎರಡು ಸ್ಕ್ರೂ ಅಂಗೈಯಲ್ಲಿ ಉಳಿದಿರುತ್ತಿದ್ದವು. “ಕಂಪ್ನಿಯೋರು ಜಾಸ್ತಿನೇ ಹಾಕಿರ್ತಾರೆ ಬುಡು” ಎಂದು ಜೇಬಿಗೆ ಇಳಿಸುತ್ತಿದ್ದ. ಹೆಂಡತಿ ರಂಗಕ್ಕ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಡಬ್ಬಿಯನ್ನೇ ಇಟ್ಟಿದ್ದಳು, ಆ ಜೇಬು ಸುರಿಯುವುದಕ್ಕೆ.

ಹೋದ ವರ್ಷ ಅವನ ಹಳೆಯ ಡೀಸೆಲ್ ಕಾರು ಕೆಮ್ಮುವುದಕ್ಕೆ ಶುರುಮಾಡಿತು. ಏರು ಬಂದರೆ ಉಸಿರು ಕಟ್ಟುತ್ತಿತ್ತು, ಹಿಂದೆ ಬಂದ ಬೈಕಿನವರು ಹೊಗೆಗೆ ಕಪ್ಪಗಾಗಿ ಬೈಯುತ್ತಿದ್ದರು. ಓಬಳೇಶ ಊಟದ ತಟ್ಟೆ ಮುಂದಿಟ್ಟುಕೊಂಡೇ ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಅದರ ಕಾಯಿಲೆ ಪತ್ತೆಹಚ್ಚಿದ.

“ಇಂಜಿನ್ ಬುಟ್ಟ ಹೊಗೇನ ಇಂಜಿನ್ನೇ ತಿರ್ಗಾ ಕುಡೀತದೆ ಕಣೇ. ಅದ್ಕೊಂದು ವಾಲು ಐತೆ. ಅದ್ರಲ್ಲಿ ಮಸಿ ಕಟ್ಕಂಡದೆ.”

“ತಾನು ಬುಟ್ಟಿದ್ದ ತಾನೇ ಕುಡೀತದಾ? ನಿಮ್ಮ ಚಿಕ್ಕಪ್ಪನ ಬೀಡಿ ಇದ್ದಂಗೆ ಅನ್ನಿ,” ಅಂದಳು ರಂಗಕ್ಕ. “ಬಿಚ್ಚೋದಾದ್ರೆ ಭಾನುವಾರ ಕಳೀಲಿ. ಅವತ್ತು ನಾನು ತವರಿಗೆ ಹೋಗ್ಬೇಕು.”

ಹೋಗಲೇಬೇಕಿತ್ತು. ಬೋರನಕಣಿವೆ ಕಡೆಯ ಹಟ್ಟಿಯಲ್ಲಿ ತಮ್ಮ ಬಸವರಾಜುವಿನ ಗಂಡುಮಗುವಿಗೆ ಅಂದು ಹೆಸರಿಡುವ ಶಾಸ್ತ್ರ. ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ. ರಂಗಕ್ಕ ತೀರಿಹೋದ ತನ್ನ ಅಪ್ಪ ಜುಂಜಣ್ಣನ ಹೆಸರನ್ನೇ ಜುಂಜೇಶ್ ಎಂದು ತಿದ್ದಿ ಇಟ್ಟುಕೊಂಡಿದ್ದಳು. ತಮ್ಮನ ಹೆಂಡತಿಯ ಅಕ್ಕ ಪವಿತ್ರಾಗೆ ಅದು ಹಿಡಿಸಿರಲಿಲ್ಲ. ವಿಹಾನ್ ಅನ್ನಬೇಕೆಂದು ಅವಳ ಹಟ. ಅತ್ತೆ ಬರುವುದು ತಡವಾದರೆ ತಾನೇ ಹೇಳುತ್ತೇನೆಂದು ಬಾಣಂತಿಯ ಮಂಚದ ಪಕ್ಕವೇ ಬಿಡಾರ ಹೂಡಿದ್ದಳು.

ಇಷ್ಟು ಗೊತ್ತಿದ್ದೂ ಓಬಳೇಶ ಶನಿವಾರವೇ ಬಾನೆಟ್ ಎತ್ತಿದ. ಏರಿನಲ್ಲಿ ಕಾರು ನಿಂತರೆ ಹೆಸರು ತಪ್ಪಿಹೋಗುತ್ತದಲ್ಲ ಎಂಬುದು ಅವನ ನ್ಯಾಯ. ಈ ಸಲ ಒಂದೂ ಸ್ಕ್ರೂ ಉಳಿಯಬಾರದೆಂದು ಉಪಾಯವನ್ನೂ ಮಾಡಿದ. ಕೊಬ್ಬರಿ ಒಡೆದು ಉಳಿದ ಚಿಪ್ಪುಗಳ ರಾಶಿಯಿಂದ ಒಳ್ಳೊಳ್ಳೆಯ ಹೋಳುಗಳನ್ನು ಆರಿಸಿ, ಬಚ್ಚಲ ಗೋಡೆಯ ನೆರಳಲ್ಲಿ ಸಾಲಾಗಿ ಜೋಡಿಸಿದ. ಬಿಚ್ಚಿದ ಬೋಲ್ಟನ್ನು ಒಂದೊಂದು ಚಿಪ್ಪಿಗೆ ಹಾಕಿ, ಮೇಲೆ ಒಂದು ಗುಟುಕು ಡೀಸೆಲ್ ಹೊಯ್ದ. ವಾಲ್ವನ್ನು ರಂಗಕ್ಕನ ಹಳೆಯ ಹಿಟ್ಟಿನ ಪಾತ್ರೆಯಲ್ಲಿ ನೆನೆಹಾಕಿ ತೆಂಗಿನ ನಾರಿನಿಂದ ತಿಕ್ಕಿದ. ಕಾಡಿಗೆಯಂಥ ಮಸಿ ಬಂತು, ಬರುತ್ತಲೇ ಇತ್ತು. ಸಂಜೆ ಹೊತ್ತಿಗೆ ಅವನ ಹಲ್ಲು ಮಾತ್ರ ಬೆಳ್ಳಗಿತ್ತು. “ಬೆಳಿಗ್ಗೆ ಎದ್ದು ಜೋಡಿಸ್ತೀನಿ, ಅರ್ಧ ಗಂಟೆ ಕೆಲ್ಸ” ಎಂದು ಮಲಗಿದ.

ಬೆಳಿಗ್ಗೆ ಅವನಿಗಿಂತ ಮುಂಚೆ ಎದ್ದವಳು ರಂಗಕ್ಕ. ತವರಿಗೆ ಹೋಗುವ ದಿನ, ತಲೆಗೆ ನೀರು ಹಾಕಿಕೊಳ್ಳಬೇಕು. ಬಚ್ಚಲ ಗೋಡೆಯ ಹೊರಗಿದ್ದ ಹಂಡೆ ಒಲೆಯ ಬಾಯಿಯ ಪಕ್ಕದಲ್ಲೇ ಸಾಲಾಗಿ ಚಿಪ್ಪುಗಳಿದ್ದವು. ಗಂಡನಿಗೆ ಒಂದು ದಿನವಾದರೂ ಬುದ್ಧಿ ಬಂತಲ್ಲ, ಉರಿಗೆ ಚಿಪ್ಪು ಜೋಡಿಸಿಟ್ಟಿದ್ದಾನೆ ಅಂದುಕೊಂಡು, ಮಬ್ಬುಗತ್ತಲಲ್ಲಿ ಬಾಚಿ ಬಾಚಿ ಒಲೆಗೆ ತುಂಬಿದಳು. ಡೀಸೆಲ್ ವಾಸನೆ ಹಿಂದಿನ ದಿನದಿಂದ ಮನೆಯೆಲ್ಲ ಇದ್ದದ್ದೇ. ಕಡ್ಡಿ ಗೀರಿದ್ದೇ ತಡ, ಭಗ್ಗನೆ ಹತ್ತಿಕೊಂಡಿತು. ಊದುಕೊಳವೆ ಮುಟ್ಟುವ ಕೆಲಸವೇ ಇಲ್ಲ. ರಂಗಕ್ಕನಿಗೆ ಸಂತೋಷವೋ ಸಂತೋಷ. ಎರಡು ತಂಬಿಗೆ ಹೆಚ್ಚಿಗೆಯೇ ಹುಯ್ದುಕೊಂಡಳು.

ಒದ್ದೆ ತಲೆಗೆ ಬಟ್ಟೆ ಸುತ್ತಿಕೊಂಡು ಹೊರಬಂದರೆ ಓಬಳೇಶ ಬಚ್ಚಲ ಗೋಡೆಯ ಬುಡವನ್ನೇ ನೋಡುತ್ತ ನಿಂತಿದ್ದಾನೆ.

“ಲೇ, ಇಲ್ಲಿದ್ದ ಚಿಪ್ಪೆಲ್ಲಿ?”

“ಒಲೇಲಿ.”

“ಒಳಗಿದ್ದ ಬೋಲ್ಟು?”

ರಂಗಕ್ಕ ಒಲೆಯ ಕಡೆ ನೋಡಿದಳು. “ಬೋಲ್ಟ ಇಡೋಕೆ ಉರಿಯೋ ಸೌದೇನೇ ಸಿಕ್ತಾ ನಿಮ್ಗೆ? ನನ್ ಡಬ್ಬಿ ಇರ್ನಿಲ್ವಾ?”

“ಅಡುಗೆ ಮಾಡೋಕ್ಮುಂಚೆ ಪಾತ್ರೆ ನೋಡಲ್ವೇನೇ ನೀನು?”

“ಒಲೆ ಹಚ್ಚೋಕ್ಮುಂಚೆ ಚಿಪ್ಪಿನ ಹೊಟ್ಟೆ ನೋಡ್ಬೇಕು ಅಂತ ನಮ್ಮವ್ವ ಹೇಳ್ಕೊಟ್ಟಿಲ್ಲ ಕಣ್ರೀ!”

ಜಗಳ ಇನ್ನೂ ಚೆನ್ನಾಗಿ ನಡೆಯುತ್ತಿತ್ತು, ಅಷ್ಟರಲ್ಲಿ ಬಸವರಾಜು ಫೋನು ಮಾಡಿದ. “ಅಕ್ಕಾ, ಹೊರಟ್ರಾ? ಪವಿತ್ರಕ್ಕ ಆಗ್ಲೇ ರೇಷ್ಮೆ ಸೀರೆ ಉಟ್ಕಂಡು ಕುಂತವ್ಳೆ.”

“ಹೊರಟಿದೀವಿ ಕಣಪ್ಪ, ದಾರೀಲೇ ಇದೀವಿ” ಅಂದು ರಂಗಕ್ಕ ಫೋನು ಇಟ್ಟವಳೇ ಸೆರಗು ಬಿಗಿದಳು. ಒಲೆಯ ಬೂದಿ ಅಂಗಳಕ್ಕೆ ಬಂತು. ಹೆಂಡತಿ ಇಕ್ಕಳದಲ್ಲಿ ಕೆದಕುವುದು, ಗಂಡ ಕೆಂಪಗಿದ್ದ ಬೋಲ್ಟನ್ನು ನೀರಿಗೆ ಅದ್ದುವುದು. ಚುಂಯ್, ಚುಂಯ್. ಮಸಿಯೆಲ್ಲ ಸುಟ್ಟುಹೋಗಿ ಬೋಲ್ಟುಗಳು ಅವನು ತಿಕ್ಕಿದ್ದಕ್ಕಿಂತ ಚೊಕ್ಕಟವಾಗಿದ್ದವು. ಆದರೆ ಯಾವುದು ಯಾವ ತೂತಿನದು ಎಂದು ಚಿಪ್ಪಿಗೆ ಗೊತ್ತಿತ್ತು, ಬೂದಿಗೆ ಗೊತ್ತಿರಲಿಲ್ಲ. ಒಂದೊಂದನ್ನೂ ತಿರುಗಿಸಿ ನೋಡಿ ಕೂರಿಸುವಷ್ಟರಲ್ಲಿ ಬಿಸಿಲು ಅಂಗಳದ ಅರ್ಧಕ್ಕೆ ಬಂತು. ಕೊನೆಗೆ ಒಂದು ತೂತು ಬಾಯಿ ಬಿಟ್ಟುಕೊಂಡೇ ಉಳಿಯಿತು.

“ಈ ಸಲ ಒಂದು ಕಮ್ಮಿ ಬಂತಲ್ಲೇ!” ಓಬಳೇಶ ಅಳುವವನಂತೆ ಕೂತ.

ಅಳತೆ ಕೇಳಿದಳು ರಂಗಕ್ಕ. ಡಬ್ಬಿಯಲ್ಲಿ ಹುಡುಕಿದರೆ ಎಲ್ಲವೂ ಸಣ್ಣವು. ಒಳಗೆ ಹೋಗಿ ತುರಿಮಣೆ ತಂದು ಮಗುಚಿ ಹಾಕಿದಳು. ಮಣೆಗೆ ಹಲ್ಲು ಬಿಗಿದಿದ್ದ ಬೋಲ್ಟನ್ನು ತೋರಿಸಿ, “ಬಿಚ್ಚಿ” ಅಂದಳು. ಮದುವೆಯಾದ ಮೇಲೆ ಅವಳ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಓಬಳೇಶ ನಂಬಲಾರದೆ ಎರಡು ಸಲ ಕೇಳಿ, ಆಮೇಲೆ ಬಿಚ್ಚಿದ. ಕಾರಿನ ತೂತಿನಲ್ಲಿ ಅದು ಸ್ವಲ್ಪ ಮುನಿಸಿಕೊಂಡೇ ಕೂತಿತು, ಆದರೆ ಕೂತಿತು.

ಕೀ ತಿರುಗಿಸಿದಾಗ ಕಾರು ಒಂದು ಮೋಡವನ್ನೇ ಉಗುಳಿ ಹಟ್ಟಿಯ ಕೋಳಿಗಳನ್ನೆಲ್ಲ ಓಡಿಸಿತು. ಆಮೇಲೆ ಏರು ಬಂದರೂ ಕೆಮ್ಮಲಿಲ್ಲ. ಹುಳಿಯಾರು ದಾಟುವವರೆಗೂ ಓಬಳೇಶ “ನೋಡ್ದಾ, ನೋಡ್ದಾ” ಅನ್ನುತ್ತಲೇ ಇದ್ದ. ರಂಗಕ್ಕ ರಸ್ತೆ ಬಿಟ್ಟು ಬೇರೇನೂ ನೋಡಲಿಲ್ಲ.

ತಮ್ಮನ ಅಂಗಳದಲ್ಲಿ ಇಳಿದಾಗ ತೊಟ್ಟಿಲ ಸುತ್ತ ಹೆಂಗಸರು ನಿಂತಿದ್ದರು. ಪವಿತ್ರಾ ಆಗಲೇ ಬಗ್ಗಿದ್ದಳು.

“ತಡೀರವ್ವಾ! ಅತ್ತೆ ಬಂದೆ!”

ಎಲ್ಲರೂ ತಿರುಗಿ ನೋಡಿದವರು ಹಾಗೇ ನಿಂತರು. ಹೊಸ ಸೀರೆಯ ಮೇಲೆ ಬೂದಿ, ಕೈಗೂ ಕೆನ್ನೆಗೂ ಮಸಿ, ಹಣೆಯ ಕುಂಕುಮದ ಪಕ್ಕ ಅಷ್ಟಗಲ ಗ್ರೀಸು.

“ಆ ಕೈಯಲ್ಲಿ ಮಗೂನ ಮುಟ್ಟಬೇಡ್ರೀ,” ಪವಿತ್ರಾ ತೊಟ್ಟಿಲಿಗೆ ಅಡ್ಡ ನಿಂತಳು.

“ಕೈಯಲ್ಲಿ ಯಾರ್ ಹೆಸ್ರು ಹೇಳ್ತಾರಮ್ಮ? ಸರ್ಕೋ.”

ರಂಗಕ್ಕ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ, ಜುಂಜೇಶ, ಜುಂಜೇಶ, ಜುಂಜೇಶ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ತಲೆಯೆತ್ತಿದಾಗ ಅವಳ ಕೆನ್ನೆಯ ಮಸಿ ಮಗುವಿನ ಕೆನ್ನೆಗೆ ದುಂಡಗೆ ಅಂಟಿತ್ತು.

“ಅಯ್ಯೋ, ಮಗೀಗೆ ಮಸಿ ಬಳದ್ಬುಟ್ರಲ್ರೀ!” ಪವಿತ್ರಾ ಕೂಗಿದಳು.

“ದೃಷ್ಟಿ ಬೊಟ್ಟು ಕಣವ್ವ,” ಅಂದಳು ರಂಗಕ್ಕ, “ಇಂಜಿನ್ನಿಂದು. ಸೋಪಾಕಿದ್ರೂ ಹೋಗಲ್ಲ.”

ಮಗು ಸೀನಿತು. ಬಸವರಾಜು “ಜುಂಜೇಶಾ” ಎಂದು ಕರೆದು ಮೂಗು ಒರೆಸಿದ.