ಯಾವ ಎಣ್ಣಿ ಅಂತ ಕೇಳದ ಮಿಸ್ತ್ರಿ

ವಾಡಿಯಲ್ಲಿ ರೈಲ್ವೆ ಗೇಟು ದಾಟಿ ಚಿತ್ತಾಪುರದ ಕಡೆ ಹೊರಟರೆ ಬೇವಿನ ಗಿಡದ ಕೆಳಗೆ ಗಾಡಿ ರಿಪೇರಿಯ ಜಿಲಾನಿ ಮಿಸ್ತ್ರಿಯ ತಗಡಿನ ಶೆಡ್ಡು. ಅದಕ್ಕೆ ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅವನ ಬೈಗುಳ ಗೇಟಿನ ತನಕ ಕೇಳುತ್ತಿತ್ತು, ಗಿರಾಕಿಗಳು ಅದನ್ನೇ ಹಿಡಿದು ಬರುತ್ತಿದ್ದರು. ಮೂರನೆಯ ಇಯತ್ತೆಗೇ ಸಾಲಿ ಬಿಟ್ಟವನು. ಆದರೆ ಸ್ಕ್ರೂಡ್ರೈವರಿನ ಒಂದು ತುದಿ ಇಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಹಚ್ಚಿ ನಿಂತರೆ ಬೇನೆ ಎಲ್ಲಿದೆಯೆಂದು ಹೇಳಿಬಿಡುವನು. ಬರಬರುತ್ತ ಸ್ಕ್ರೂಡ್ರೈವರನ್ನೂ ಬಿಟ್ಟ. ಗಾಡಿ ಬಂದು ನಿಲ್ಲುವಷ್ಟರಲ್ಲಿ ತೀರ್ಪು ಕೊಡುತ್ತಿದ್ದ. ಹಕೀಮನಾದರೂ ನಾಡಿ ಹಿಡಿಯುತ್ತಾನೆ, ನೀವು ದೂರದಿಂದಲೇ ಔಷಧಿ ಕೊಡುತ್ತೀರಿ ಎಂದು ಹೆಂಡತಿ ಜಾನಬಿ ನಗುತ್ತಿದ್ದಳು. ಆ ಮಾತಿಗೂ ಅವನಿಗೆ ಸಿಟ್ಟು.

ಪೆಟ್ರೋಲಿನ ಬೆಲೆ ಏಕಾಏಕಿ ಏರಿದ ವರ್ಷ ಅದು. ಪೆಟ್ರೋಲ್ ಕದ್ದು ಮಾರಿ ಟ್ಯಾಂಕಿಗೆ ಅಗ್ಗದ ಸೀಮೆಎಣ್ಣೆ, ಇಲ್ಲಿನವರ ಬಾಯಲ್ಲಿ ಚಿಮಣಿ ಎಣ್ಣೆ, ಬೆರೆಸುವ ಡ್ರೈವರುಗಳ ಕತೆ ಎಲ್ಲರ ಬಾಯಲ್ಲಿತ್ತು. ಆಗ ಶಹಾಬಾದಿನ ಫರಸಿ ಕಲ್ಲಿನ ಖಣಿಯ ಸಾಹುಕಾರ ಅಂಬರಾಯನ ಅಂಬಾಸಿಡರ್ ಕಾರು ಶೆಡ್ಡಿಗೆ ಬಂತು. ರೇಸ್ ಕೊಟ್ಟರೆ ಸಾಕು, ಮುಂದಿನಿಂದ ಕಟಕಟ ಸಪ್ಪಳ. ಕಾಲು ತೆಗೆದರೆ ಗಪ್‌ಚುಪ್. ಏರಿನಲ್ಲಂತೂ ಇನ್ನೂ ಜೋರು. ನಡೆಸಿಕೊಂಡು ಬಂದವನು ಸಾಯಬಣ್ಣ, ಮೊದಲಿನಿಂದಲೂ ಆ ಮನೆಯ ಡ್ರೈವರು. ಸಾಹುಕಾರ ಹಿಂದೆ ಕೂತಿದ್ದ. ಎದುರಿಗೆ ನರಸಪ್ಪನ ಚಾದ ಹೋಟೆಲು ತುಂಬಿತ್ತು.

ಚಿಮಣಿ ಎಣ್ಣೆ ಬೆರೆತರೂ ರೇಸ್ ಕೊಟ್ಟಾಗ ಇಂಜಿನ್ನು ಹೀಗೇ ಕಟಗುಡುತ್ತದೆ. ಜಿಲಾನಿ ಬಾನೆಟ್ ಎತ್ತಲೇ ಇಲ್ಲ. ಹೋಟೆಲಿನವರಿಗೂ ಮುಟ್ಟುವಂಥ ಗಂಟಲಿನಲ್ಲಿ ಕೇಳಿದ:

"ಖರೇ ಹೇಳು, ಎಣ್ಣಿ ಹಾಕೀಯೋ ಇಲ್ಲೋ?"

"ಹಾಕೀನಲ್ಲ ಕಾಕಾ. ಪ್ರತಿ ಅಮಾಸಿಗಿ ಹಾಕ್ತೀನಿ," ಅಂದ ಸಾಯಬಣ್ಣ, ಇದರಲ್ಲಿ ಮುಚ್ಚಿಡುವುದೇನಿದೆ ಎಂಬಂತೆ.

"ಕೇಳಿದ್ರೇನ್ರಿ ಸಾವ್ಕಾರ್ರ? ಅಮಾಸಿ ನೋಡಿ ಕಳವು ಮಾಡ್ತಾನಂತ."

ಹೋಟೆಲಿನಲ್ಲಿ ನಗೆ ಎದ್ದಿತು. ಎಣ್ಣಿ ಸಾಯಬಣ್ಣ ಎಂದು ಯಾರೋ ಕೂಗಿದರು. ಸಾಯಬಣ್ಣ ಏನೋ ಹೇಳಹೋದ, ಜಿಲಾನಿಯ ಬೈಗುಳದಲ್ಲಿ ಅದು ಮುಳುಗಿಹೋಯಿತು. ಸಾಹುಕಾರ ಅಲ್ಲೇ ಕೀಲಿಕೈ ಇಸಿದುಕೊಂಡು, ನಾಳೆಯಿಂದ ಬರಬೇಡ ಅಂದ. ಸಾಯಬಣ್ಣ ಹೆಗಲ ಟವೆಲ್ಲು ಕೊಡವಿ ಗೇಟಿನ ಕಡೆ ನಡೆದ.

ಜಿಲಾನಿ ಟ್ಯಾಂಕು ಬಸಿದ. ಬಸಿದ ಪೆಟ್ರೋಲಿನಲ್ಲಿ ಚಿಮಣಿ ಎಣ್ಣೆಯ ವಾಸನೆ ಇರಲಿಲ್ಲ. ಮೂಗು ಹೇಳಿದ್ದನ್ನು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ, ಕಡಿಮೆ ಬೆರೆಸಿರಬೇಕು ಎಂದುಕೊಂಡ. ಹೊಸ ಪೆಟ್ರೋಲ್ ತುಂಬಿಸಿ ಕಳಿಸಿದ.

ವಾರದೊಳಗೆ ಅಂಬರಾಯ ತಾನೇ ಗಾಡಿ ಹೊಡೆದುಕೊಂಡು ಬಂದ.

"ಕಳ್ಳ ಹೋದ್ರೂ ಸಪ್ಪಳ ಹೋಗವಲ್ದಲ್ಲೋ ಮಿಸ್ತ್ರಿ."

ಈ ಸಲ ಜಿಲಾನಿ ಬಾನೆಟ್ ಎತ್ತಿದ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿಗೆ ಹಾಕಿ, ಕ್ಲಚ್ ಚೂರೇ ಬಿಟ್ಟು ರೇಸ್ ಕೊಡಿರೆಂದು ಸಾಹುಕಾರನಿಗೆ ಹೇಳಿದ. ಇಂಜಿನ್ನು ಒಂದು ಮಗ್ಗುಲಿಗೆ ಎದ್ದಿತು, ಸೈಲೆನ್ಸರ್ ಪೈಪು ಚಾಸಿಯ ಕಬ್ಬಿಣಕ್ಕೆ ಬಡಿದು ಕಟಕಟ ಅಂದಿತು. ಇಂಜಿನ್ನು ಕೂರುವ ಫೌಂಡೇಶನ್ ರಬ್ಬರು ಉಬ್ಬಿ, ಮೆತ್ತಗಾಗಿ, ಹರಿದಿತ್ತು. ಬೆರಳು ಹಚ್ಚಿದ, ಜಿಡ್ಡು. ಮೂಸಿದ, ಕುಸುಬಿ ಎಣ್ಣೆ. ಇಂಜಿನ್ನಿನ ಮೈಮೇಲೆ ಅರಿಶಿನ ಕುಂಕುಮದ ಕರೆ. ಸಾಯಬಣ್ಣ ಅಮಾವಾಸ್ಯೆಗೆ ಗಾಡಿ ತೊಳೆದು, ಕಾಯಿ ಒಡೆದು, ದೇವರಿಗೆ ಹಾಕುವಂತೆ ಇಂಜಿನ್ನಿಗೂ ಎಣ್ಣೆ ಹಾಕುತ್ತಿದ್ದ. ಅದು ಹನಿಹನಿಯಾಗಿ ಇಳಿದು ರಬ್ಬರನ್ನು ತಿಂದಿತ್ತು. ಅವನು ಅಂದು ಹೇಳಿದ್ದು ಇದನ್ನೇ.

ರಬ್ಬರು ಬದಲಿಸಲು ಜಿಲಾನಿ ಗಾಡಿಯ ಕೆಳಗೆ ತೂರಿದ. ಕೆಲಸ ಮುಗಿದರೂ ಹೊರಗೆ ಬರಲಾಗಲಿಲ್ಲ. ಮಗ್ಗುಲಲ್ಲಿ ಸಾಹುಕಾರನ ಬೂಟು ಕಾಣುತ್ತಿತ್ತು. ಆ ಬೂಟನ್ನೇ ನೋಡುತ್ತ ನಡೆದದ್ದನ್ನೆಲ್ಲ ಹೇಳಿದ. ಆಮೇಲೆ ಮೇಲಿನಿಂದ, ಅವನನ್ನು ಕರಕೊಂಡು ಬಾ ಎಂಬ ಮಾತು ಬಂತು.

ಸಾಯಬಣ್ಣ ಬೇರೆ ಯಾರದೋ ಖಣಿಯಲ್ಲಿ ಫರಸಿ ಹೊರುತ್ತಿದ್ದ. ಹೆಗಲಿಗೆ ಅದೇ ಟವೆಲ್ಲು ಮಡಚಿ ಇಟ್ಟುಕೊಂಡಿದ್ದ. ತಪ್ಪಾಯಿತು, ಸಾಹುಕಾರ ಕರೆಯುತ್ತಿದ್ದಾನೆ ಎಂದು ಜಿಲಾನಿ ಹೇಳಿದ. ಅವನು ಕಲ್ಲು ಇಳಿಸಿ ಬೆವರು ಒರೆಸಿಕೊಂಡ.

"ನನಗ್ಯಾಕ ಹೇಳಲಿಕತ್ತಿ ಕಾಕಾ? ನಾ ಕದ್ದಿಲ್ಲಂತ ನನಗ ಗೊತ್ತದ. ನರಸಪ್ಪನ ಹೋಟೆಲ್ ಮುಂದ ಅಂದಿ, ಅಲ್ಲೇ ಹೇಳು."

ಸಂಜೆ ಊರಿನ ಸಿಮೆಂಟ್ ಫ್ಯಾಕ್ಟರಿ ಬಿಟ್ಟ ಮೇಲೆ ಹೋಟೆಲು ತುಂಬಿತು. ಸಾಯಬಣ್ಣ ಬಾಗಿಲಲ್ಲಿ ನಿಂತ, ಒಳಗೆ ಬರಲಿಲ್ಲ. ಜಿಲಾನಿ ಎದ್ದು, ಸಾಯಬಣ್ಣ ಕಳ್ಳನಲ್ಲ ಅಂದ. ಗೇಟಿನ ತನಕ ಹೋಗುತ್ತಿದ್ದ ಗಂಟಲು ಪಕ್ಕದ ಮೇಜಿಗೂ ಮುಟ್ಟಲಿಲ್ಲ.

"ಕೇಳಿಸವಲ್ದು ಮಿಸ್ತ್ರಿ," ಅಂದ ನರಸಪ್ಪ, ಚಾ ಸೋಸುತ್ತಲೇ. "ಅವತ್ತಿನಂಗ ಹೇಳ್ರಿ."

ಜಿಲಾನಿ ಮೇಜಿನ ಅಂಚು ಹಿಡಿದುಕೊಂಡ. "ಅವ ಎಣ್ಣಿ ಹಾಕಿದ್ದು ಪೆಟ್ರೋಲಿಗಲ್ಲ. ಅಮಾಸಿ ಪೂಜಿಗಿ ಇಂಜಿನ್ನಿಗಿ ಹಾಕ್ಯಾನ. ಯಾವ ಎಣ್ಣಿ ಅಂತ ನಾ ಕೇಳಲಿಲ್ಲ."

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಸಾಯಬಣ್ಣನಿಗೆ ಕೀಲಿಕೈ ತಿರುಗಿ ಸಿಕ್ಕಿತು. ಹೆಸರು ಮಾತ್ರ ಬಿಡಲಿಲ್ಲ. ಕತೆ ಗೊತ್ತಿದ್ದವರೂ, ಗೊತ್ತಿಲ್ಲದವರೂ ಅವನನ್ನು ಎಣ್ಣಿ ಸಾಯಬಣ್ಣ ಎಂದೇ ಕರೆದರು. ಮುಂದೆ ಎಷ್ಟೋ ವರ್ಷ ಅವನ ಗಾಡಿ ಶೆಡ್ಡಿನ ಮುಂದೆ ಹಾಯ್ದಾಗಲೆಲ್ಲ ಹೋಟೆಲಿನಿಂದ ಆ ಕೂಗು ಏಳುತ್ತಿತ್ತು. ಸಾಯಬಣ್ಣ ನಕ್ಕು ಹಾರ್ನು ಹೊಡೆಯುವನು. ಜಿಲಾನಿ ಹತ್ತಿರವಿದ್ದ ಯಾವುದಾದರೂ ಗಾಡಿಯ ಬಾನೆಟ್ ಎತ್ತಿ, ಏನೂ ಕೆಡದ ಇಂಜಿನ್ನಿನೊಳಗೆ ತಲೆ ಹುದುಗಿಸಿ ನಿಲ್ಲುವನು.