ಮಳೆಯವರ ಚಿತ್ರಕ್ಕೆ ಕಾದವರು

ಕಾಕಾನ ಹುಬ್ಬಿನ ಮೇಲೆ ಯಾವಾಗಲೂ ಸ್ಟೀಲಿನ ಪುಡಿ ಮಿನುಗುತ್ತಿತ್ತು. ಪಾತ್ರೆಗಳ ಮೇಲೆ ಹೆಸರು ಕೊರೆಯುವ ಮಷೀನನ್ನು ಅವರು ಮುಖಕ್ಕೆ ಅಷ್ಟು ಹತ್ತಿರ ಹಿಡಿಯುತ್ತಿದ್ದರು. ಮೂಗಿನ ಮೇಲೊಂದು ಕನ್ನಡಕ, ಹಣೆಯ ಮೇಲೊಂದು ಕನ್ನಡಕ, ಎರಡರ ನಡುವೆ ಆ ಮಿನುಗುವ ಹುಬ್ಬು. ಬೇರೆಯವರ ಧ್ವನಿ ಕದ್ದು ಹೊಟ್ಟೆ ಹೊರೆಯುವ ನನ್ನಂಥವನು ಅವರ ವಿಷಯ ಬರೆಯಲು ಕುಳಿತರೆ ಮೊದಲು ತನ್ನ ದಡ್ಡತನ ಒಪ್ಪಿಕೊಳ್ಳುವುದು ಮರ್ಯಾದೆ: ಆ ಮನುಷ್ಯ ವರ್ಷಗಟ್ಟಲೆ ಕಾದಿದ್ದ ಒಂದು ಸಿನಿಮಾವನ್ನು ನಾನು ಥಿಯೇಟರಿನೊಳಗೇ, ಅವರ ಕಿವಿಯಲ್ಲೇ ಕೆಡಿಸಿದೆ. ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡೇ ಕೆಡಿಸಿದೆ.

ಘಾಟ್ಕೋಪರಿನಲ್ಲಿ ನಮ್ಮ ಬಿಲ್ಡಿಂಗಿನ ಕೆಳಗೇ ಅವರ ಭಾಂಡೆ ಅಂಗಡಿ, ಅಂದರೆ ಪಾತ್ರೆ ಅಂಗಡಿ. ಬೆಳಗಾವಿ ಕಡೆಯವರು. ನಮ್ಮಪ್ಪನೂ ಆ ಕಡೆಯವನೇ ಆದ್ದರಿಂದ ರಕ್ತಸಂಬಂಧವಿಲ್ಲದೆ ಅವರು ನನಗೆ ಕಾಕಾ ಆದರು, ಅವರ ಹೆಂಡತಿ ಕಾಕು. ನಾನು ವಾರವೆಲ್ಲ ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ಹೊತ್ತು, ಶನಿವಾರ ಭಾನುವಾರ ಮದುವೆ ಮಂಟಪಗಳಲ್ಲಿ ಮಿಮಿಕ್ರಿ ಮಾಡುವವನು. ಆಗ ನನ್ನ ಕನ್ನಡದಲ್ಲಿ ಅರ್ಧಕ್ಕರ್ಧ ಹಿಂದಿ. ಅದು ಒಂದಿಷ್ಟು ರಿಪೇರಿಯಾದದ್ದು ಕಾಕಾನ ಅಂಗಡಿಯ ಕಟ್ಟೆಯ ಮೇಲೆ ಕೂತೇ.

ಸಿನಿಮಾ ನೋಡುವ ಹುಚ್ಚಿನವರು ಮುಂಬಯಿಯಲ್ಲಿ ಗಲ್ಲಿಗೊಬ್ಬರು ಸಿಗುತ್ತಾರೆ. ಕಾಕಾಗೆ ಇದ್ದದ್ದು ಕಾಯುವ ಹುಚ್ಚು. ಅದೂ ಹೀರೋಗಳಿಗಲ್ಲ, ನಿರ್ದೇಶಕರಿಗೆ. “ಹೀರೋ ಅಂದ್ರ ಭಾಂಡೆ ಇದ್ದಂಗ ತಮ್ಮಾ,” ಅನ್ನುತ್ತಿದ್ದರು. “ಒಳಗ ಏನ್ ಅಡಗಿ ಆಗತೈತಿ ಅನ್ನೂದು ಒಲಿ ಮುಂದ ನಿಂತವರಿಗಷ್ಟ ಗೊತ್ತು.” ದೊಡ್ಡ ನಿರ್ದೇಶಕರನ್ನೂ ಅವರು ಹೆಸರು ಹಿಡಿದು ಕರೆದದ್ದಿಲ್ಲ. ಪ್ರತಿ ಹೊಡೆದಾಟದಲ್ಲೂ ಕಿಟಕಿ ಒಡೆಸುವವರು ಗಾಜಿನವರು. ಪ್ರತಿ ಚಿತ್ರದಲ್ಲೂ ಒಂದೇ ಒಂದು ಸಲ, ಆದರೆ ಮರೆಯಲಾಗದಂಥ ಮಳೆ ಸುರಿಸುವವರು ಮಳೆಯವರು. ಗಾಜಿನವರ ಚಿತ್ರ ವರ್ಷವರ್ಷವೂ ಬರುತ್ತಿತ್ತು. ಮಳೆಯವರದು ಬಂದಾಗ ಬಂತು.

ಯಾರಾದರೂ ದೊಡ್ಡವರು ಹೊಸ ಚಿತ್ರ ಮಾಡುತ್ತಾರೆಂದು ಸುದ್ದಿಯಾದರೆ ಕಾಕಾ ಒಂದು ಹೊಸ ಸ್ಟೀಲ್ ಲೋಟ ಇಳಿಸಿ ಅದರ ಮೇಲೆ ಆ ಚಿತ್ರದ ಹೆಸರು ಕೊರೆಯುತ್ತಿದ್ದರು. ಬಿಡುಗಡೆಯಾಗುವತನಕ ಅದರಲ್ಲೇ ಚಹಾ. ನೋಡಿ ಬಂದ ಮರುದಿನ ಲೋಟ ಮೇಲೆ ಮನೆಗೆ ಹೋಗುತ್ತಿತ್ತು. ಕಾಕುವಿಗೆ ಇದರಿಂದ ಬಹಳ ತೊಂದರೆ. “ಬೀಗರು ಬಂದ್ರ ಅವರ ಮುಂದ ಯಾವ ಲೋಟ ಇಡ್ಲಿ ಹೇಳು,” ಎಂದು ನನ್ನ ಹತ್ತಿರ ದೂರುತ್ತಿದ್ದಳು. “ಒಂದರ ಮ್ಯಾಲ ಸೇಡು ಅಂತ ಐತಿ, ಒಂದರ ಮ್ಯಾಲ ಬೇವಫಾ ಅಂತ ಐತಿ.”

ಟ್ರೇಲರನ್ನು ಕಾಕಾ ಸದ್ದು ಬಂದ್ ಮಾಡಿ ಒಂದೇ ಸಲ ನೋಡುತ್ತಿದ್ದರು. ಗಿರಾಕಿ ಯಾರಾದರೂ ಕಥೆ ಹೇಳಲು ಬಾಯಿ ತೆರೆದರೆ ಕೈಗೆ ಸಿಕ್ಕ ತಪೇಲಿಯನ್ನು ತಲೆಗೆ ಕವುಚಿಕೊಂಡು, “ಬೋಣಿ ಆಗಲಿಲ್ಲಂದ್ರೂ ನಡೀತೈತಿ, ನೀವು ಹೋಗ್ರಿ,” ಅನ್ನುತ್ತಿದ್ದರು. ಮಳೆಯವರ ಆ ಚಿತ್ರದ ಸುದ್ದಿ ಬಂದಾಗಿನಿಂದ ನಮ್ಮಿಬ್ಬರ ನಡುವೆ ದಿನವೂ ಅದೇ ಚರ್ಚೆ.

“ಈ ಸಲ ಮಳಿ ಎಲ್ಲಿ ಬರತೈತಿ ಹೇಳು.”

“ಸ್ಟೇಷನ್ನಾಗ ಇರಬೇಕ್ರಿ ಕಾಕಾ. ಹೀರೋಯಿನ್ ಗಾಡಿ ಹತ್ತೂಮುಂದ.”

“ಅದು ಗಾಜಿನವರ ಬುದ್ಧಿ. ಮಳಿಯವ್ರು ಹಂಗ ಪುಕ್ಕಟೆ ಸುರಸಂಗಿಲ್ಲ. ಮನಷ್ಯಾಗ ಬಾಯಿ ಬಿಟ್ಟು ಹೇಳಾಕ ಆಗಲಾರದ್ದು ಏನರ ಇತ್ತಂದ್ರ, ಆವಾಗಷ್ಟ ಅವರ ಮಳಿ ಬರತೈತಿ.”

ಇಂಥವರನ್ನು ನಾನು ಬಿಟ್ಟೇನೆಯೇ? ಗಣಪತಿ ಪೆಂಡಾಲಿನಲ್ಲಿ ಕಾಕಾನನ್ನೇ ಮಾಡಿ ತೋರಿಸಿದೆ. ಎರಡು ಕನ್ನಡಕ, ತಪೇಲಿ, ಲೋಟ, ಎಲ್ಲವೂ ಇತ್ತು. ಬಿಲ್ಡಿಂಗಿಗೆ ಬಿಲ್ಡಿಂಗೇ ನಕ್ಕಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಕಾಕಾನೂ ನಕ್ಕರು. ಮರುದಿನ ಅಂಗಡಿಯ ಶಟರ್ ಎತ್ತುತ್ತ ಹೇಳಿದರು: “ಚಲೋ ಮಾಡಿದಿ. ದನಿ ನಂದ ಇತ್ತು. ಆದ್ರ ನಾ ಕಾಯೂದನ್ನ ನೀ ಗಡಿಬಿಡೀಲೆ ಮಾಡಿದಿ.” ನನಗದು ಜೋಕು ಅನಿಸಿತು. ಅದನ್ನೂ ಅವರದೇ ಧ್ವನಿಯಲ್ಲಿ ನಾಲ್ಕು ಜನಕ್ಕೆ ಹೇಳಿ ನಗಿಸಿದೆ.

ಮಳೆಯವರ ಚಿತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಒಮ್ಮೆ ಸೆಟ್ಟು ಕುಸಿಯಿತೆಂದರು, ಒಮ್ಮೆ ನಾಯಕನ ತಾರೀಖು ಸಿಗಲಿಲ್ಲವೆಂದರು. ನಡುವೆ ಚಿತ್ರದ ಹೆಸರೇ ಬದಲಾಯಿತು. ಕಾಕಾ ಹಳೆಯ ಹೆಸರಿನ ಮೇಲೆ ಗೀರು ಎಳೆದು, ಕೆಳಗೆ ಹೊಸದನ್ನು ಕೊರೆದು, ಅದೇ ಲೋಟದಲ್ಲಿ ಚಹಾ ಮುಂದುವರಿಸಿದರು. ಆ ಹೊಸ ಹೆಸರು ಸೊಟ್ಟಗಾಗಿತ್ತು. ನಾನು ಚೇಷ್ಟೆ ಮಾಡಿದೆ. ಅವರು ಆ ಹೆಸರು ಕಾಣದ ಹಾಗೆ ಲೋಟ ತಿರುಗಿಸಿಟ್ಟರು. ಆಮೇಲೆ ಒಂದು ಮದುವೆಯ ಆರ್ಡರಿನಲ್ಲಿ ಹುಡುಗಿಯ ಹೆಸರು ತಟ್ಟೆಯ ಅಂಚಿನಾಚೆ ಜಾರಿತು. ಆಗ ಕಾಕು ಮಷೀನನ್ನು ಬಟ್ಟೆಯಲ್ಲಿ ಸುತ್ತಿ ಮೇಲಿಟ್ಟಳು. ವರ್ಷಗಳ ಸಕ್ಕರೆ ಕಾಯಿಲೆ ಕಣ್ಣಿನ ಒಳಪದರಕ್ಕೆ ಇಳಿದಿತ್ತು.

ಕಣ್ಣಿನ ಆಸ್ಪತ್ರೆಗೆ ಜೊತೆಗೆ ಹೋದವನು ನಾನೇ. ಡಾಕ್ಟರ್ ಮರಾಠಿಯವರು, ನಿಧಾನವಾಗಿ ಬಿಡಿಸಿ ಹೇಳುವ ಹೆಣ್ಣುಮಗಳು. ಇಂಜೆಕ್ಷನ್ನಿನಿಂದ ಸ್ವಲ್ಪ ತಡೆಯಬಹುದು, ಹೋದ ದೃಷ್ಟಿ ಬರುವುದಿಲ್ಲ ಅಂದರು. ಕಾಕಾ ಕೇಳಿದ್ದು ಒಂದೇ: ಕಣ್ಣು ದೀಪಾವಳಿಯತನಕ ಉಳಿಯುತ್ತವೆಯೇ? ಮನೆಯಲ್ಲಿ ಮದುವೆ ಇದೆಯೇನೋ ಎಂದು ಆಕೆ ಕನಿಕರದಿಂದ ವಿಚಾರಿಸಿದರು.

“ಲಗ್ನ ನಾಹೀ,” ಅಂದರು ಕಾಕಾ, “ಪಿಕ್ಚರ್ ಆಹೇ.”

ಆಕೆ ನನ್ನ ಮುಖ ನೋಡಿದರು. ನಾನು ಮುಂದಿನ ಇಂಜೆಕ್ಷನ್ನಿನ ತಾರೀಖು ಕೇಳಿ ಬರೆದುಕೊಂಡೆ. ಕಣ್ಣು ದೀಪಾವಳಿಯತನಕ ಹೇಗೋ ಉಳಿಯಿತು. ದೀಪಾವಳಿಗೆ ಬರಬೇಕಿದ್ದ ಚಿತ್ರ ಬೇಸಿಗೆಗೆ ಹೋಯಿತು.

ಕಾಕಾ ಈಗಿಲ್ಲ. ಹೋದ ವರ್ಷ ತೀರಿಕೊಂಡರು, ನಿದ್ದೆಯಲ್ಲೇ, ಯಾರಿಗೂ ತ್ರಾಸು ಕೊಡದೆ. ಅದಕ್ಕೆ ಮೊದಲು ನಾವಿಬ್ಬರೂ ಕೂಡಿ ಇನ್ನೂ ಹಲವು ಚಿತ್ರಗಳಿಗೆ ಹೋದೆವು. ಪರದೆಯ ಮೇಲೆ ಇದ್ದದ್ದನ್ನು ಇದ್ದ ಹಾಗೆ ಅವರ ಕಿವಿಯಲ್ಲಿ ಹೇಳುತ್ತಿದ್ದೆ. ಕೆಟ್ಟದ್ದನ್ನು ಕೆಟ್ಟದ್ದಾಗಿಯೇ, ಗಾಜಿನವರು ಒಡೆಸಿದ ಕಿಟಕಿಗಳನ್ನು ಒಂದೂ ಬಿಡದೆ. ಹಾಗೆ ಹೇಳಲು ಮೊದಲು ನೋಡಬೇಕಾಗುತ್ತದೆ. ಇವತ್ತು ನನ್ನ ಮಿಮಿಕ್ರಿಯಲ್ಲಿ ನಗುವಿನ ನಡುವೆ ಜನ ಒಂದು ಕ್ಷಣ ಸುಮ್ಮನಾಗುತ್ತಾರಾದರೆ ಅದು ಆ ನೋಡುವ ಅಭ್ಯಾಸದ ಫಲ. ಆದರೆ ಅದು ಶುರುವಾದದ್ದು ಮಳೆಯವರ ಚಿತ್ರದ ದಿನ, ನನ್ನ ಕಿವಿ ಹಿಂಡಿಸಿಕೊಂಡ ಮೇಲೆ.

ಆ ಹೊತ್ತಿಗೆ ಕಾಕಾಗೆ ಬೆಳಕು ಯಾವುದು, ಕತ್ತಲು ಯಾವುದು ಅನ್ನುವಷ್ಟು ಮಾತ್ರ ತಿಳಿಯುತ್ತಿತ್ತು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಮಾಲ್‌ನ ಲಿಫ್ಟಿನಲ್ಲಿ ನನ್ನ ಮುಂಗೈ ಹಿಡಿದು ಹೇಳಿದರು: “ಮಾತು ನನಗ ಕೇಳತಾವ. ಮಾತಿಲ್ಲದ ಕಡೆ ನೀ ಹೇಳು.”

ಮಳೆಯವರ ಚಿತ್ರದಲ್ಲಿ ಮಾತಿರುವ ಕಡೆಯೇ ಕಡಿಮೆ. ನಾನು ಪಿಸುಗುಡುತ್ತಲೇ ಇದ್ದೆ. ಮುಂದಿನ ಸೀಟಿನವನು ತಿರುಗಿ, “ಭಾಯಿಸಾಬ್, ಕಾಮೆಂಟ್ರಿ ಬಂದ್ ಕರೋ,” ಅಂದ. ಕಾಕಾ ತಣ್ಣಗೆ, “ಬೇಟಾ, ಯೇ ಮೇರಿ ಆಂಖ್ ಹೈ, ಕೈಸೆ ಬಂದ್ ಕರೂಂ?” ಅಂದರು, ತಮ್ಮ ಕಣ್ಣೆಂದು ನನ್ನನ್ನು ತೋರಿಸಿ. ಅವನು ಇಂಟರ್‌ವಲ್‌ನಲ್ಲಿ ತಾನಾಗಿಯೇ ಪಾಪ್‌ಕಾರ್ನ್ ಡಬ್ಬಿಯನ್ನು ಕಾಕಾನ ಕಡೆ ಚಾಚಿದ.

ಕಥೆ ಇಷ್ಟೇ: ಗಂಡ ಹೆಂಡತಿ ಒಂದೇ ಮನೆಯಲ್ಲಿ ಮಾತು ಬಿಟ್ಟಿದ್ದಾರೆ. ಒಂದು ದಿನ ಅವಳು ಚೀಲ ಹಿಡಿದು ಹೊರಟುಹೋಗುತ್ತಾಳೆ. ಅವನು ಬಾಗಿಲಲ್ಲಿ ಕುರ್ಚಿ ಹಾಕಿ ಕೂರುತ್ತಾನೆ. ಚಿತ್ರದ ಉದ್ದಕ್ಕೂ ಮೋಡ ಕಟ್ಟುತ್ತಲೇ ಇದೆ. ಕೊನೆಯ ದೃಶ್ಯದಲ್ಲೂ ಅದೇ ಬಾಗಿಲು, ಅದೇ ಕುರ್ಚಿ, ಒಳಗೆಲ್ಲೋ ತಿರುಗುವ ಫ್ಯಾನು. ಹಿಂದಿನ ಸಾಲಿನವರು ಆಕಳಿಸತೊಡಗಿದರು. ಮುಂದಿನದು ನನಗೆ ಕಾಣುತ್ತಿತ್ತು: ಏನೂ ಆಗುವುದಿಲ್ಲ. ಕಣ್ಣು ಹೋಗುವತನಕ, ಹೋದ ಮೇಲೂ ಕಾದ ಮನುಷ್ಯನಿಗೆ ಇದನ್ನು ಕೊಡುವುದು ಹೇಗೆ? ನಾಯಕ ಎದ್ದು ನಿಂತ. ನಾನು ಬಾಯಿ ಬಿಟ್ಟೆ.

“ಮೋಡ ಒಡೀತ್ರಿ ಕಾಕಾ. ಮಳಿ ಬಂತು. ಆಕಿ ಬರಾಕತ್ತಾಳ, ಗೇಟ್ ತಗದ್ಲು. ಹಳದಿ ಸೀರಿ ಪೂರಾ ತೊಯ್ದೈತಿ. ಅಂವ ಓಡಿ ಹೋದ. ಇಬ್ರೂ ಮಳ್ಯಾಗ ನಿಂತಾರ, ಮಾತಿಲ್ಲ.”

ಮುಂಗೈ ಮೇಲಿದ್ದ ಅವರ ಕೈ ಮೆಲ್ಲಗೆ ಹಿಂದೆ ಹೋಯಿತು. ಆನಂದಕ್ಕೆ ಕಣ್ಣೊರೆಸಿಕೊಳ್ಳುತ್ತಾರೆ ಅಂದುಕೊಂಡೆ. ಎಂಥ ಕ್ಲೈಮ್ಯಾಕ್ಸ್ ಕೊಟ್ಟೆನಲ್ಲ ಎಂದು ಒಳಗೊಳಗೇ ಬೀಗಿದೆ ಕೂಡ.

ಹೊರಗೆ ಬಂದು ರಸ್ತೆಬದಿಯ ಟಪರಿಯಲ್ಲಿ ಎರಡು ಕಟಿಂಗ್ ಚಹಾ ಹೇಳಿದೆ. ಕಾಕಾ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಮಳಿ ಜೋರಿತ್ತೇನು?”

“ಭಾಳ ಜೋರ್ರಿ ಕಾಕಾ.”

“ತಗಡಿನ ಪತ್ರಾಸಿನ ಮ್ಯಾಲ?”

“ಹೂನ್ರಿ. ಪತ್ರಾಸಿನ ಮ್ಯಾಲ, ಅಂಗಳದಾಗ, ಎಲ್ಲಾ ಕಡೆ.”

ಕಾಕಾ ಚಹಾ ಊದಿ ಒಂದು ಗುಟುಕು ಕುಡಿದರು. “ನನ್ನ ಕಣ್ಣು ಹೋಗ್ಯಾವಪಾ. ಕಿವಿ ಅದಾವ.”

ವೇದಿಕೆಯ ಮೇಲೆ ನಾಲಿಗೆಯಿಂದಲೇ ಮಳೆ ಸುರಿಸಿ ಚಪ್ಪಾಳೆ ಗಿಟ್ಟಿಸಿದವನು ನಾನು. ಮಳೆಗೆ ಸದ್ದಿರುತ್ತದೆ ಅನ್ನುವುದು ಅಂದು ನನಗೇ ಮರೆತಿತ್ತು. ಬೇರೆ ದಿನವಾಗಿದ್ದರೆ ಯಾರದೋ ಧ್ವನಿಯಲ್ಲಿ ತಪ್ಪಿಸಿಕೊಳ್ಳುತ್ತಿದ್ದೆ. ನನ್ನದೇ ಧ್ವನಿಯಲ್ಲಿ, ತಡವರಿಸುತ್ತ ಹೇಳಿದೆ: “ಪಿಚ್ಚರ್ ಬೇಕಾರ್ ಇತ್ರಿ ಕಾಕಾ. ಮಳಿನೂ ಬರಲಿಲ್ಲ, ಆಕಿನೂ ಬರಲಿಲ್ಲ. ಅಂವ ಎದ್ದು ಬಾಗಲಾ ಹಾಕ್ಕೊಂಡ, ಅಷ್ಟ, ಖತಂ. ನೀವು ಇಷ್ಟು ವರ್ಷ ಕಾದ್ರಿ. ಇದನ್ನ ಹೆಂಗ ಹೇಳ್ಲಿ ನಾ ನಿಮಗ?”

“ಮಳಿನ ಬರಲಿಲ್ಲಾ?”

“ಇಲ್ರಿ.”

ಆ ಮುಖದಲ್ಲಿ ನಿರಾಸೆ ಹುಡುಕಿದೆ. ಸಿಗಲಿಲ್ಲ. ಹುಬ್ಬು ಮೇಲೇರಿತ್ತು, ಹೊಸ ಚಿತ್ರದ ಸುದ್ದಿ ಬಂದ ದಿನ ಏರುತ್ತಿದ್ದ ಹಾಗೆ. ಗ್ಲಾಸನ್ನು ಪಕ್ಕಕ್ಕಿಟ್ಟು ನನ್ನ ಮುಂಗೈಯನ್ನು ತಡಕಿ ಹಿಡಿದುಕೊಂಡರು.

“ಬರೂ ಮಳೀನ ಮಳಿಯವ್ರು ತಡದು ಹಿಡದಾರ, ನೀ ಸುರುವಿ ಬಿಟ್ಟಿ. ನಾ ಇಷ್ಟು ವರ್ಷ ಕಾದದ್ದು ಅವರ ಪಿಚ್ಚರಿಗೆ, ನಿನ್ನ ಪಿಚ್ಚರಿಗೆ ಅಲ್ಲ. ಈಗ ಅಂವ ಆ ಬಾಗಲಾ ಹೆಂಗ ಹಾಕ್ಕೊಂಡ, ಅದನ್ನ ಸಾವಕಾಶ ಹೇಳು.”